ಹದ ಬಂದ ದಿನ ಟ್ರ್ಯಾಕ್ಟರು ಹೊರಡದಿದ್ದರೆ



ಮಳೆ ಬಿದ್ದು ದೇವನೂರಿನ ಖುಷ್ಕಿ ಹೊಲ ಹದಕ್ಕೆ ಬಂದ ದಿನವೇ ಹಳೆಯ ಟ್ರ್ಯಾಕ್ಟರು ಮೊಂಡು ಹಿಡಿದರೆ ರಾಗಿ ಬಿತ್ತನೆ ಹಿಂದೆ ಬೀಳುತ್ತದೆ. ಬ್ಯಾಟರಿ ಇಳಿಯುವ ತನಕ ಸೆಲ್ಫ್ ತಿರುಗಿಸುವುದು ದಂಡ. ಡೀಸೆಲ್ ಇಂಜಿನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಯಲ್ಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿದರೆ ಇಂಜಿನು ಹೊರಡದು. ಟ್ಯಾಂಕು ಬರಿದಾಗುವವರೆಗೆ ಓಡಿಸುವವರಿಗೆ ಈ ಕಾಟ ಹೆಚ್ಚು. ಫಿಲ್ಟರಿನ ಮೇಲಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಕೈಪಂಪು ಒತ್ತಿ, ಅನಂತರ ಬಿಗಿ ಮಾಡಬೇಕು.

ಎಳೆಯುವ ಶಕ್ತಿ ಕುಂದಿ ಕಪ್ಪು ಹೊಗೆ ಬಂದರೆ ಮೊದಲು ಏರ್ ಕ್ಲೀನರ್ ನೋಡಿರಿ. ಮಾಗಿ ಉಳುಮೆಯ ಧೂಳು ಅಲ್ಲಿ ಕಟ್ಟಿರಬಹುದು. ನೀಲಿ ಹೊಗೆಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಅದು ಮೆಕ್ಯಾನಿಕ್ಕಿನ ಕೆಲಸ. ಇಂಜೆಕ್ಷನ್ ಪಂಪನ್ನಂತೂ ಹೊಲದ ಬದುವಿನಲ್ಲಿ ಬಿಚ್ಚಲೇಬೇಡಿರಿ.