ಹೆಸರು ನೋಡಬೇಡ್ರಿ, ಬೇಡಿಕೆ ನೋಡ್ರಿ



ಇಂಡಿಯ ಲಿಂಬೆ ಇರಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತೊಗರಿ ಇರಲಿ, ಮಾಲು ಮಾರಿದ ರೊಕ್ಕ ಈಗ ಬ್ಯಾಂಕಿಗೆ ಹೋಗುತ್ತದೆ. ಆ ಬ್ಯಾಂಕಿನ ಕೀಲಿಕೈ ನಿಮ್ಮ ಅಂಗಿ ಕಿಸೆಯ ಮೊಬೈಲಿನಲ್ಲಿದೆ. ಕಳ್ಳನಿಗೆ ಇದು ಗೊತ್ತು. ಅದಕ್ಕೇ ಅವನು ಗೋಡೆಗೆ ಕನ್ನ ಹಾಕುವುದು ಬಿಟ್ಟು, ವಾಟ್ಸಾಪ್, ಫೇಸ್‌ಬುಕ್ಕಿನಲ್ಲಿ ಸುಳ್ಳು ಹೆಸರಿನ ಖಾತೆ ತೆರೆದು 'ನಮಸ್ಕಾರ್ರೀ' ಅನ್ನುತ್ತಾನೆ.

ಸುಳ್ಳು ಖಾತೆ ಗುರುತಿಸೋದು ಹ್ಯಾಂಗ? ಎತ್ತು ಕೊಳ್ಳುವಾಗ ಕೋಡಿನ ಬಣ್ಣಕ್ಕೆ ಮರುಳಾಗುತ್ತೀರೇನು? ಬಾಯಿ ಬಿಡಿಸಿ ಹಲ್ಲು ನೋಡುತ್ತೀರಿ, ನಡೆಸಿ ನೋಡುತ್ತೀರಿ. ಇಲ್ಲಿಯೂ ಅಷ್ಟೇ. ಫೋಟೋ, ಸರ್ಕಾರದ ಮುದ್ರೆ, ಸಾಹೇಬರ ಹೆಸರು, ಇವೆಲ್ಲ ಕೋಡಿನ ಬಣ್ಣ. ಯಾರು ಬೇಕಾದರೂ ಹಚ್ಚಬಹುದು. ಅವನು ಏನು ಕೇಳುತ್ತಾನೆ, ಅದನ್ನು ನೋಡ್ರಿ.

2019ರಲ್ಲಿ ಶುರುವಾದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಇದಕ್ಕೆ ಇ-ಕೆವೈಸಿ ಬೇಕು ಎಂಬುದು ನಿಜ. ಈ ನಿಜದ ಬೆನ್ನು ಹತ್ತಿ ಸುಳ್ಳು ಬರುತ್ತದೆ: 'ಕೆವೈಸಿ ಆಗಿಲ್ಲ, ಕಂತು ನಿಲ್ಲುತ್ತದೆ, ಈ ಫೈಲು ತೆರೆಯಿರಿ.' ಫೈಲಿನ ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಅದು ಕಾಗದವಲ್ಲ, ಮೊಬೈಲಿನೊಳಗೆ ಹೊಗುವ ಆ್ಯಪ್. ಅದು ಕೇಳಿದ ಅನುಮತಿ ಕೊಟ್ಟರೆ ಬ್ಯಾಂಕಿನ ಓಟಿಪಿಯನ್ನು ಕಳ್ಳ ಕೂತಲ್ಲೇ ಓದುತ್ತಾನೆ. ಆಮೇಲೆ ನಿಮ್ಮ ಹೆಸರಿನಿಂದಲೇ ಬೀಗರಿಗೆ, ಗೆಳೆಯರಿಗೆ ಅದೇ ಫೈಲು ಹೋಗಬಹುದು. ಆದ್ದರಿಂದ ಅಣ್ಣನ ನಂಬರಿನಿಂದ ಬಂದರೂ ತೆರೆಯಬೇಡ್ರಿ. ಮೊದಲು ಫೋನ್ ಮಾಡಿ ಕೇಳ್ರಿ.

ಸೋಲಾರ್ ಪಂಪಿನ ಕುಸುಮ್ ಯೋಜನೆಯ ಹೆಸರಿನಲ್ಲಿ ನಕಲಿ ಜಾಲತಾಣಗಳು ರೈತರಿಂದ ಶುಲ್ಕ ವಸೂಲಿ ಮಾಡುತ್ತವೆ ಎಂದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಹಲವು ಸಲ ಎಚ್ಚರಿಸಿದೆ.

ಸಾಲದ್ದೂ ಇದೇ ಕಥೆ. 'ಸಾಲ ಮಂಜೂರಾಗಿದೆ, ಮೊದಲು ಶುಲ್ಕ ಹಾಕ್ರಿ' ಅನ್ನುತ್ತಾನೆ. ಸಹಕಾರ ಸಂಘಗಳ ಬಡ್ಡಿರಹಿತ ಬೆಳೆ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆ ಸಾಲ ಕೊಡುವುದು ನಿಮ್ಮ ಸಂಘ, ಉತಾರ ನೋಡಿ. ಮುಖ ಕಾಣದ ಮನುಷ್ಯ ಕೊಡುವುದಿಲ್ಲ.

ಇನ್ನೊಬ್ಬ ವ್ಯಾಪಾರಿಯ ವೇಷದಲ್ಲಿ ಬರುತ್ತಾನೆ: 'ಲಿಂಬೆಗೆ ಮುಂಗಡ ಕಳಿಸ್ತೇನ್ರಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ರಿ.' ರೊಕ್ಕ ತಗೊಳ್ಳಲಿಕ್ಕೆ ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ರೊಕ್ಕ.

ವೇಷ ಬೇರೆ ಬೇರೆ, ಗುರುತು ಮೂರೇ. ಅವಸರ ಮಾಡುತ್ತಾನೆ. ಯಾರಿಗೂ ಹೇಳಬೇಡ ಅನ್ನುತ್ತಾನೆ. ಕೊಡುತ್ತೇನೆಂದು ಹೇಳಿ ಮೊದಲು ತಾನೇ ಕೇಳುತ್ತಾನೆ. ಈ ಮೂರರಲ್ಲಿ ಒಂದು ಕಂಡರೂ ಉತ್ತರ ಕೊಡದೆ ಆ ಖಾತೆಯನ್ನು ಬ್ಲಾಕ್ ಮಾಡ್ರಿ. ಬಾರದಿದ್ದರೆ ಶಾಲೆ ಕಲಿತ ಮಕ್ಕಳ ಕೈಯಿಂದ ಮಾಡಿಸ್ರಿ.

ರೊಕ್ಕ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡ್ರಿ, ಬ್ಯಾಂಕಿಗೂ ಹೇಳ್ರಿ. ಕದ್ದ ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ದೂರು ಬೇಗ ಬಂದರೆ ನಡುವೆ ತಡೆಹಿಡಿಯಬಹುದು, ತಡವಾದರೆ ಕಷ್ಟ.

ಮಾನ ಹೋದೀತೆಂದು ಮುಚ್ಚಿಡಬೇಡ್ರಿ. ಮುಚ್ಚಿಟ್ಟವನು ಮುಂದಿನ ಬಿತ್ತನೆಗೆ ಸಾಹುಕಾರನ ಬಾಗಿಲಿಗೆ ಹೋಗುತ್ತಾನೆ, ಅದೇ ಮೋಸಕ್ಕೆ ಪಕ್ಕದ ಹೊಲದವನೂ ಬೀಳುತ್ತಾನೆ. ಕಳ್ಳ ಬಂದಾಗ ಊರಿಗೆ ಕೂಗಿ ಹೇಳುವುದು ನಮ್ಮ ಹಳೇ ರೂಢಿ. ಇದನ್ನೂ ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಗೆ ಹೇಳ್ರಿ.