ಮೊದಲು ಸೆಗಣಿ ತೂಗಿ, ಆಮೇಲೆ ಹೊಂಡ ತೋಡಿ

(ಶಿರಾಲಿಯಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



“ಮನೆಯಲ್ಲೇ ಜೈವಿಕ ಪ್ಲಾಸ್ಟಿಕ್, ಜೈವಿಕ ಇಂಧನ ಮಾಡಬಹುದಂತೆ, ಹೌದೇ?” ಎಂದು ಕೆಲವರು ಕೇಳಿದ್ದೀರಿ. ಎರಡನ್ನೂ ಮಾಡಬಹುದು. ಆದರೆ ಯಾವುದು ಸಂಸಾರಕ್ಕೆ ಉಪಯೋಗ, ಯಾವುದು ಮಕ್ಕಳಿಗೆ ತೋರಿಸುವ ಪ್ರಯೋಗ ಎಂಬುದನ್ನು ಲೆಕ್ಕ ಹಾಕಿ ತಿಳಿಯಬೇಕು.

ಮೊದಲು ಪ್ಲಾಸ್ಟಿಕ್. ಬಿಸಿ ಹಾಲಿಗೆ ವಿನೆಗರ್ ಅಥವಾ ಲಿಂಬೆರಸ ಹಾಕಿದರೆ ಗಡ್ಡೆ ಬೇರೆ, ನೀರು ಬೇರೆ ಆಗುತ್ತದೆ. ಆ ಗಡ್ಡೆಯಲ್ಲಿರುವುದು ಕೇಸಿನ್ ಎಂಬ ಸಸಾರಜನಕ. ಅದನ್ನು ಬಟ್ಟೆಯಲ್ಲಿ ಸೋಸಿ, ತೊಳೆದು, ನಾದಿ, ಅಚ್ಚಿಗೆ ಒತ್ತಿ ಕೆಲವು ದಿನ ಒಣಗಿಸಿದರೆ ಗಟ್ಟಿಯಾಗುತ್ತದೆ. 1899ರಲ್ಲಿ ಜರ್ಮನಿಯಲ್ಲಿ ಇದಕ್ಕೆ ಪೇಟೆಂಟ್ ಪಡೆದು, ಮುಂದೆ ಅಂಗಿಯ ಗುಂಡಿ, ಬಾಚಣಿಗೆ ಮಾಡಿ ಮಾರಿದರು. ಕಾರ್ಖಾನೆಯಲ್ಲಿ ಅದನ್ನು ಗಟ್ಟಿ ಮಾಡಲು ಬಳಸಿದ್ದು ಫಾರ್ಮಾಲಿನ್. ಅದು ವಿಷ, ಮನೆಗೆ ತರಬಾರದು. ಅದಿಲ್ಲದೆ ಮಾಡಿದ ವಸ್ತು ನೀರು ತಾಗಿದರೆ ಮೆತ್ತಗಾಗುತ್ತದೆ. ಲೀಟರ್ ಹಾಲಿನಲ್ಲಿ ಕೇಸಿನ್ ಇರುವುದು ಸುಮಾರು 25ರಿಂದ 30 ಗ್ರಾಂ ಮಾತ್ರ. ಒಡೆದ ಹಾಲಿದ್ದರೆ ಮಕ್ಕಳಿಗೆ ಮಾಡಿ ತೋರಿಸಿ. ಸಂಘಕ್ಕೆ ಹಾಕುವ ಹಾಲನ್ನು ಇದಕ್ಕೆ ಸುರಿಯಬೇಡಿ. ಪ್ಲಾಸ್ಟಿಕ್ ತಟ್ಟೆಯ ಬದಲಿಗೆ ನಮ್ಮ ತೋಟದ ಅಡಿಕೆ ಹಾಳೆ ಇದ್ದೇ ಇದೆ.

ಇನ್ನು ಎಣ್ಣೆಯಿಂದ ಡೀಸೆಲ್. ನಮ್ಮ ಹಿರಿಯರು ಹೊನ್ನೆ ಎಣ್ಣೆಯಲ್ಲಿ ದೀಪ ಹಚ್ಚುತ್ತಿದ್ದರು. ಹೊಂಗೆ, ಹೊನ್ನೆ ಎಣ್ಣೆಗಳಿಂದ ಡೀಸೆಲ್ ಕೂಡ ಆಗುತ್ತದೆ. ಆದರೆ ಅದಕ್ಕೆ ಬೇಕಾದ ಮೆಥನಾಲ್ ವಿಷ, ಬೇಗ ಬೆಂಕಿ ಹಿಡಿಯುವಂಥದ್ದು. ಕಾಸ್ಟಿಕ್ ಸೋಡಾ ಮೈ ಸುಡುತ್ತದೆ. ಅಡುಗೆಮನೆಯಲ್ಲಿ ಆ ಕೆಲಸ ಬೇಡ.

ಹಾಗಾದರೆ ನಮಗೆ ತಕ್ಕ ಇಂಧನ ಯಾವುದು? ಗೋಬರ್ ಗ್ಯಾಸ್. ಇದೇನು ಹೊಸದಲ್ಲ. ನಮ್ಮದೇ ಜಿಲ್ಲೆಯ ಶಿರಸಿ ತಾಲೂಕಿನ ಬಗ್ಗೆ 2001ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸಮೀಕ್ಷೆ ಮಾಡಿದ ಸ್ಥಾವರಗಳೆಲ್ಲ ನಡೆಯುತ್ತಿದ್ದವು. ಶೇಕಡಾ 85 ಮನೆಗಳಲ್ಲಿ ಅಡುಗೆಯೆಲ್ಲ ಅದರಲ್ಲೇ ಆಗುತ್ತಿತ್ತು. ಕಟ್ಟಿಕೊಟ್ಟ ಮೇಲೂ ಬಂದು ನೋಡುವವರಿದ್ದರು, ತೋಟಕ್ಕೆ ಗೊಬ್ಬರ ಬೇಕಿತ್ತು. ಆದ್ದರಿಂದ ಅವು ಉಳಿದವು.

ಬೇರೆ ಕಡೆ ಎಷ್ಟೋ ಸ್ಥಾವರಗಳು ಪಾಳು ಬಿದ್ದಿವೆ. ಮುಖ್ಯ ಕಾರಣಗಳಲ್ಲಿ ಒಂದು, ಇರುವ ಸೆಗಣಿಗಿಂತ ದೊಡ್ಡದು ಕಟ್ಟಿದ್ದು. ಲೆಕ್ಕ ಸುಲಭ. ಒಂದು ಕಿಲೊ ಹಸಿ ಸೆಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. ಒಬ್ಬರ ಅಡುಗೆಗೆ ದಿನಕ್ಕೆ ಸುಮಾರು 250 ಲೀಟರ್ ಬೇಕು. ಐದು ಜನರ ಮನೆಗೆ 1250 ಲೀಟರ್, ಅಂದರೆ ದಿನಕ್ಕೆ 30 ಕಿಲೊಗಿಂತ ಸ್ವಲ್ಪ ಹೆಚ್ಚು ಸೆಗಣಿ. ಕಟ್ಟಿ ಮೇಯಿಸುವ ಮಿಶ್ರತಳಿ ಹಸು ದಿನಕ್ಕೆ 10ರಿಂದ 15 ಕಿಲೊ ಹಾಕೀತು. ನಮ್ಮ ಮಲೆನಾಡು ಗಿಡ್ಡ ಚಿಕ್ಕ ದನ. ಹಗಲೆಲ್ಲ ಹೊರಗೆ ಮೇಯುತ್ತದೆ. ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯದ್ದು ಮಾತ್ರ. ಎರಡು ಘನಮೀಟರ್ ಸ್ಥಾವರಕ್ಕೆ ದಿನಕ್ಕೆ 50 ಕಿಲೊ ಬೇಕು. ನೆರೆಮನೆಯವರದು ದೊಡ್ಡದೆಂದು ನಾವೂ ದೊಡ್ಡದು ಕಟ್ಟಿದರೆ, ಮೇವಿಲ್ಲದ ದನದಂತೆ ಅದೂ ಸೊರಗುತ್ತದೆ.

ಚಳಿಯಲ್ಲಿ ಗ್ಯಾಸ್ ಕಡಿಮೆ ಬರುತ್ತದೆ. ಕರಾವಳಿಯ ಸೆಕೆ ನಮಗೆ ಅನುಕೂಲ. ಅನನುಕೂಲ ಎಂದರೆ ಮಳೆ. ಮಳೆಗಾಲದಲ್ಲಿ ಒಸರು ಏಳದ ಎತ್ತರದ ಜಾಗವನ್ನು ಆರಿಸಿ. ಕುಡಿಯುವ ನೀರಿನ ಬಾವಿಯಿಂದ 50 ಅಡಿಯಾದರೂ ದೂರವಿರಲಿ. ಸೆಗಣಿ ಕಲಸುವ ತೊಟ್ಟಿಗೆ ಮಾಡಿನ ನೀರು ಬೀಳದಂತೆ ನೋಡಿಕೊಳ್ಳಿ. ಸೆಗಣಿಗೆ ಸಮಪ್ರಮಾಣದ ನೀರು ಸಾಕು. ಫಿನಾಯಿಲು, ಸಾಬೂನು ನೀರು ಒಳಗೆ ಹೋದರೆ ಗ್ಯಾಸ್ ಮಾಡುವ ಜೀವಾಣುಗಳು ಸಾಯುತ್ತವೆ. ಪೈಪಿನಲ್ಲಿ ನಿಂತ ನೀರನ್ನು ಆಗಾಗ ಬಸಿಯಿರಿ. ಒಂದು ಮಾತು ಮರೆಯಬೇಡಿ: ಸ್ವಚ್ಛ ಮಾಡಲೆಂದು ಯಾರೂ ಹೊಂಡದೊಳಗೆ ಇಳಿಯಬಾರದು. ಒಳಗಿನ ಗಾಳಿ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬೆಂಕಿಕಡ್ಡಿ ಗೀರಬೇಡಿ. ಕಿಟಕಿ ಬಾಗಿಲು ತೆರೆಯಿರಿ.

ಗ್ಯಾಸ್ ಉರಿದ ಮೇಲೂ ಗೊಬ್ಬರ ಉಳಿಯುತ್ತದೆ. ಹೊರಬರುವ ಸ್ಲರಿಯನ್ನು ದರಕಿನ ಜೊತೆ ಸೇರಿಸಿ ಕೊಳೆಸಿದರೆ ತೆಂಗು, ಅಡಿಕೆಗೆ ಒಳ್ಳೆಯ ಗೊಬ್ಬರ. ಗುಜರಾತಿನ ಆಣಂದ ಜಿಲ್ಲೆಯ ಜಕರಿಯಾಪುರದಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ನೆರವಿನಿಂದ ಮಹಿಳೆಯರು ಗೊಬ್ಬರದ ಸಹಕಾರ ಸಂಘವನ್ನೇ ಕಟ್ಟಿ, ಹೆಚ್ಚಾದ ಸ್ಲರಿಯನ್ನು ಮಾರಿದ್ದಾರೆ. ಹಾಲಿಗೆ ಸಂಘ ಕಟ್ಟಿದ ನಮಗೆ ಇದು ಕಷ್ಟವೇ?

ತಾಯಂದಿರೇ, ಹಸಿ ಕಟ್ಟಿಗೆಯ ಹೊಗೆ ಕುಡಿಯುವವರು ನೀವು. ಆದ್ದರಿಂದ ಈ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ. ನಾಳೆಯಿಂದ ಏಳು ದಿನ ಬೆಳಿಗ್ಗೆ ಸಂಜೆ ಸೆಗಣಿ ಬುಟ್ಟಿಯನ್ನು ತೂಗಿ ಬರೆದಿಡಿ. ಆ ತೂಕ ನೋಡಿಯೇ ಸ್ಥಾವರದ ಅಳತೆ ನಿರ್ಧರಿಸಿ. ಸಹಾಯಧನದ ವಿಚಾರವನ್ನು ಕೆಲಸ ಶುರು ಮಾಡುವ ಮೊದಲೇ ಗ್ರಾಮ ಪಂಚಾಯತಿಯಲ್ಲಿ ಕೇಳಿಕೊಳ್ಳಿ. ಸಾಕಷ್ಟು ಸೆಗಣಿ ಇಲ್ಲದಿದ್ದರೆ ಸಾಲ ಮಾಡಿ ಕಟ್ಟಬೇಡಿ. ಇದ್ದರೆ ಇನ್ನೊಂದು ಮಳೆಗಾಲ ಹೊಗೆಯಲ್ಲಿ ಕಳೆಯಬೇಡಿ.