ಫೋಟೋದಲ್ಲಿರೋ ತಾತ ಪ್ಯಾರಾಟ್ರೂಪರ್ ಹೌದಾ?

ನಂಜನಗೂಡಿನಿಂದ ಮಾತಾಡ್ತಿದ್ದೀನಿ. ತಿ. ನರಸೀಪುರದ ಕೇಳುಗರೊಬ್ಬರು ತೀರಿಹೋದ ತಮ್ಮ ತಾತನ ಕಪ್ಪು-ಬಿಳುಪು ಫೋಟೋ ಕಳಿಸಿದ್ದಾರೆ. 1971ರ ಯುದ್ಧದಲ್ಲಿ ತಾತ ವಿಮಾನದಿಂದ ಹಾರಿದವರು ಅಂತ ಮನೇಲಿ ಮಾತು. ಫೋಟೋ ನೋಡಿ ಹೇಳೋಕಾಗುತ್ತಾ ಅನ್ನೋದು ಪ್ರಶ್ನೆ.

ಮೊದಲು ಟೋಪಿ. ಪ್ಯಾರಾಟ್ರೂಪರ್‌ಗಳದ್ದು ಮರೂನ್ ಬೆರೆಟ್. ಬ್ರಿಟಿಷರು 1942ರಲ್ಲಿ ಶುರು ಮಾಡಿದ್ದು, ನಮ್ಮ ಸೇನೆಯಲ್ಲೂ ಉಳೀತು. ಆದರೆ ಕಪ್ಪು-ಬಿಳುಪು ಫೋಟೋದಲ್ಲಿ ಮರೂನ್ ಕೂಡ ಕಪ್ಪೇ. ಟ್ಯಾಂಕ್ ಪಡೆಯವರದ್ದು ನಿಜವಾಗ್ಲೂ ಕಪ್ಪು ಬೆರೆಟ್. ಈಗ ಆ್ಯಪ್‌ನಲ್ಲಿ ಬಣ್ಣ ತುಂಬಿಸಿ ಕಳಿಸ್ತಾರಲ್ಲ, ಆ ಬಣ್ಣ ಆ್ಯಪ್‌ನ ಊಹೆ ಅಷ್ಟೇ, ಅದನ್ನ ಸಾಕ್ಷಿ ಅಂತ ನಾನು ಒಪ್ಪಲ್ಲ.

ಹಾಗಾಗಿ ಟೋಪಿ ಮೇಲಿನ ಬ್ಯಾಡ್ಜ್ ನೋಡಿ. ಪ್ಯಾರಾಚೂಟ್ ರೆಜಿಮೆಂಟಿನದ್ದಾದರೆ ಬಿಚ್ಚಿದ ಪ್ಯಾರಾಚೂಟ್, ಎರಡು ಕಡೆ ರೆಕ್ಕೆ, ನಡುವೆ ನೆಟ್ಟಗೆ ನಿಂತ ಕಠಾರಿ. ಅದಿಲ್ಲ ಅಂದ ಮಾತ್ರಕ್ಕೆ ಮನೆಯವರ ಮಾತು ಸುಳ್ಳು ಅನ್ನಬೇಡಿ. ಪ್ಯಾರಾ ಬ್ರಿಗೇಡಿನ ಜೊತೆ ಹಾರೋ ಡಾಕ್ಟರು, ಎಂಜಿನಿಯರು, ಫಿರಂಗಿಯವರೂ ಮರೂನ್ ಬೆರೆಟ್ ಹಾಕ್ತಾರೆ, ಬ್ಯಾಡ್ಜ್ ಮಾತ್ರ ಅವರವರ ಪಡೆಯದ್ದು. ಆಗ ಸಮವಸ್ತ್ರದ ಮೇಲೆ ಪ್ಯಾರಾಚೂಟ್-ರೆಕ್ಕೆಯ ಗುರುತು ಇದೆಯಾ ಅಂತ ಹುಡುಕಬೇಕು. ಹಾರುವ ತರಬೇತಿ ಮುಗಿಸಿದವರಿಗೆ ಸಿಗೋದು ಅದು.

ಇನ್ನೊಂದು, ಬೆರೆಟ್ ಹಾಕ್ಕೊಂಡು ಯುದ್ಧಕ್ಕೆ ಯಾರೂ ಹಾರಲ್ಲ. ತಲೆಗೆ ಹೆಲ್ಮೆಟ್, ಗಲ್ಲಕ್ಕೆ ಪಟ್ಟಿ, ಬೆನ್ನಿಗೆ ದೊಡ್ಡ ಪ್ಯಾರಾಚೂಟ್, ಹೊಟ್ಟೆ ಹತ್ರ ಆಪತ್ತಿಗೆ ಅಂತ ಚಿಕ್ಕದು.

ತಿ. ನರಸೀಪುರದವರು ಕಳಿಸಿರೋದು ಗಾಜಿನ ಮೇಲಿಂದ ಮೊಬೈಲಲ್ಲಿ ತೆಗೆದದ್ದು, ಬ್ಯಾಡ್ಜ್ ಮೇಲೇ ಲೈಟ್ ಬಿದ್ದಿದೆ. ಫ್ರೇಮ್ ಬಿಚ್ಚಿ ಸ್ಕ್ಯಾನ್ ಮಾಡಿಸಿ. ಟ್ರಂಕಲ್ಲಿ ತಾತನ ಡಿಸ್ಚಾರ್ಜ್ ಪುಸ್ತಕ ಇದ್ದರೆ ಅದರಲ್ಲಿ ಸರ್ವಿಸ್ ನಂಬರು, ಘಟಕ ಎರಡೂ ಇರುತ್ತೆ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ, ದೂರ ಏನಿಲ್ಲ.

ಆದರೆ ಬಟ್ಟೆಬರೆ ಎಲ್ಲಾ ಸರಿಯಿದ್ದೂ ಫೋಟೋ ದಾರಿ ತಪ್ಪಿಸಬಹುದು. 1971ರ ಡಿಸೆಂಬರ್ 11ರಂದು 2 ಪ್ಯಾರಾ ಬೆಟಾಲಿಯನ್ನಿನ ತಂಡ, ಸುಮಾರು 700 ಜನ, ಇಂದಿನ ಬಾಂಗ್ಲಾದೇಶದ ಟಂಗೈಲ್ ಹತ್ರ ಇಳಿದು ಪೂಂಗ್ಲಿ ಸೇತುವೆ ಹಿಡಿದರು. ಜಗತ್ತಿನ ಪತ್ರಿಕೆಗಳಿಗೆ ಹೋದ ಫೋಟೋದಲ್ಲಿ ಆಕಾಶದ ತುಂಬಾ ಪ್ಯಾರಾಚೂಟು, ಇಡೀ ಬ್ರಿಗೇಡೇ ಇಳಿದ ಹಾಗೆ. ಸೇನೆಯ ಪ್ರಚಾರದ ಹೊಣೆ ಹೊತ್ತಿದ್ದ ಐ. ರಾಮಮೋಹನ ರಾವ್ ಆಮೇಲೆ ಹೇಳಿದ ಪ್ರಕಾರ, ಅದು ಆಗ್ರಾದಲ್ಲಿ ಹಿಂದೆ ನಡೆದಿದ್ದ ತಾಲೀಮಿನ ಹಳೇ ಫೋಟೋ. ಅದರಲ್ಲಿರೋರು ನಿಜವಾದ ಪ್ಯಾರಾಟ್ರೂಪರ್‌ಗಳೇ, ಊರು ಮತ್ತು ತಾರೀಕು ಬೇರೆ. ನಾನು ಓದಿದ್ದು ಬಿಕಾಂ. ನನ್ನ ಲೆಕ್ಕದಲ್ಲಿ ಸಮವಸ್ತ್ರ ಅನ್ನೋದು ಬಿಲ್ಲು, ಕ್ಯಾಪ್ಶನ್ ಅನ್ನೋದು ಯಾರೋ ಬರೆದ ಎಂಟ್ರಿ. ಎರಡನ್ನೂ ಬೇರೆ ಬೇರೆ ಪರೀಕ್ಷೆ ಮಾಡಬೇಕು.

ನಿಮ್ಮ ಮನೇಲೂ ಇಂಥ ಫೋಟೋ ಇದ್ದರೆ ಕಳಿಸಿ. ಹಿಂಭಾಗದ್ದೂ ಒಂದು ತೆಗೀರಿ, ಸ್ಟುಡಿಯೋ ಸೀಲು ಬಹಳ ಸಲ ಅಲ್ಲೇ ಇರುತ್ತೆ.